ಗುಂಡಿಗೆ ಇಳಿಯುವ ಮುನ್ನ: ನೆಲದಡಿಯ ಟ್ಯಾಂಕ್‌ಗಳಲ್ಲಿ ಕಾರ್ಮಿಕರ ಸಾವು ತಡೆಯುವುದು ಹೇಗೆ?

2025ರ ಮಾರ್ಚ್ 9ರಂದು ಮುಂಬಯಿಯ ನಾಗಪಾಡಾದಲ್ಲಿ, ನಿರ್ಮಾಣ ಹಂತದಲ್ಲಿದ್ದ ಕಟ್ಟಡವೊಂದರ ನೀರಿನ ಟ್ಯಾಂಕ್ ಸ್ವಚ್ಛಗೊಳಿಸಲು ಇಳಿದ ನಾಲ್ವರು ಕಾರ್ಮಿಕರು ಉಸಿರುಗಟ್ಟಿ ಮೃತಪಟ್ಟರು. ಅದಕ್ಕೂ ಹನ್ನೊಂದು ತಿಂಗಳ ಹಿಂದೆ, 2024ರ ಏಪ್ರಿಲ್ 9ರಂದು, ವಿರಾರ್‌ನ ಖಾಸಗಿ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ನಾಲ್ವರು ಸತ್ತಿದ್ದರು. 2019ರ ಡಿಸೆಂಬರ್‌ನಲ್ಲಿ ಗೋವಂಡಿಯ ಹೌಸಿಂಗ್ ಸೊಸೈಟಿಯೊಂದರ ಸೆಪ್ಟಿಕ್ ಟ್ಯಾಂಕ್‌ನಲ್ಲಿ ಮೂವರು ಪ್ರಾಣ ಬಿಟ್ಟಿದ್ದರು.

ಮುಂಬಯಿಯಲ್ಲಿ ಗಣಿಗಳಿಲ್ಲ. ಆದರೆ ಪ್ರತಿ ಕಟ್ಟಡದ ಅಡಿಯಲ್ಲೂ ನೀರಿನ ತೊಟ್ಟಿ, ಒಳಚರಂಡಿಯ ಚೇಂಬರ್, ಸೆಪ್ಟಿಕ್ ಟ್ಯಾಂಕ್ ಇವುಗಳಲ್ಲಿ ಯಾವುದಾದರೊಂದು ಇದ್ದೇ ಇರುತ್ತದೆ. ಆಳದ ಗಣಿಯಲ್ಲಿರುವ ಗಾಳಿಯ ಅಪಾಯ ಇಲ್ಲಿಯೂ ಇದೆ. ಗಣಿಯಲ್ಲಿರುವ ಮುನ್ನೆಚ್ಚರಿಕೆ ಮಾತ್ರ ಇಲ್ಲ. ಈ ಸಾವುಗಳು ಯಾಕೆ ಆಗುತ್ತವೆ, ಹೇಗೆ ತಡೆಯಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಸೊಸೈಟಿಯ ಕಾರ್ಯದರ್ಶಿ, ಹೋಟೆಲ್ ನಡೆಸುವವರು, ಕಟ್ಟಡದ ಮೇಸ್ತ್ರಿ, ಕೆಲಸಕ್ಕೆ ಇಳಿಯುವವರು ಮತ್ತು ಅವರ ಮನೆಯವರು, ಎಲ್ಲರೂ ಇದನ್ನು ತಿಳಿದಿರಬೇಕು.

ಒಳಗಿನ ಗಾಳಿ ಕೊಲ್ಲುವುದು ಹೇಗೆ?

ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು ಶೇ 20.9ರಷ್ಟು ಆಮ್ಲಜನಕ ಇರುತ್ತದೆ. ಇದು ಶೇ 19.5ಕ್ಕಿಂತ ಕಡಿಮೆಯಾದರೆ ಆ ಜಾಗವನ್ನು ಅಪಾಯಕಾರಿ ಎಂದೇ ಎಣಿಸಬೇಕು. ಶೇ 10ಕ್ಕಿಂತ ಕೆಳಗಿಳಿದರೆ ಪ್ರಜ್ಞೆ ತಪ್ಪುತ್ತದೆ, ಶೇ 6ರ ಆಸುಪಾಸಿನಲ್ಲಿ ಕೆಲವೇ ನಿಮಿಷಗಳಲ್ಲಿ ಸಾವು ಬರುತ್ತದೆ. ಮುಚ್ಚಿದ ಟ್ಯಾಂಕ್‌ನಲ್ಲಿ ಕೊಳೆಯುವ ಕಸ, ತುಕ್ಕು ಹಿಡಿಯುವ ಕಬ್ಬಿಣ, ನೀರಲ್ಲಿ ನೆನೆದು ಕೊಳೆಯುವ ಸೆಂಟ್ರಿಂಗ್ ಹಲಗೆ ಎಲ್ಲವೂ ಆಮ್ಲಜನಕವನ್ನು ತಿಂದುಹಾಕುತ್ತವೆ. ಹಾಗಾಗಿ "ಇದು ಬರೀ ನೀರಿನ ಟ್ಯಾಂಕ್, ಗಟಾರವಲ್ಲ" ಎಂಬ ಧೈರ್ಯ ಸಲ್ಲದು. ಆಮ್ಲಜನಕದ ಕೊರತೆಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇಳಿದವರಿಗೆ ಉಸಿರು ಕಟ್ಟಿದ ಅನುಭವವೂ ಆಗದೆ ಕಾಲು ಕುಸಿಯಬಹುದು.

ಮಲ, ಕೊಳಚೆ, ಹೋಟೆಲ್‌ನ ಜಿಡ್ಡು ಸೇರುವ ಕಡೆ ಎರಡನೆಯ ಶತ್ರು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಗಾಳಿಗಿಂತ ತುಸು ಭಾರ, ಆದ್ದರಿಂದ ತಳದಲ್ಲಿ ಕೂರುತ್ತದೆ. ನಮ್ಮ ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳಲು ಬೇಕಾದ ಕಿಣ್ವವೊಂದನ್ನು ಇದು ತಡೆಹಿಡಿಯುತ್ತದೆ. ಸಯನೈಡ್ ಕೊಲ್ಲುವುದೂ ಇದೇ ದಾರಿಯಲ್ಲಿ.

ಇದರ ಅತಿ ದೊಡ್ಡ ಮೋಸ ವಾಸನೆಯಲ್ಲಿದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ (ಒಂದು ಭಾಗವೆಂದರೆ 1 ಪಿಪಿಎಂ) ಮೂಗಿಗೆ ಗೊತ್ತಾಗುತ್ತದೆ. ಆದರೆ 100 ಪಿಪಿಎಂ ದಾಟಿದಾಗ ಮೂಗಿನ ಗ್ರಹಣಶಕ್ತಿಯೇ ಸೋತುಹೋಗುತ್ತದೆ. ಆಗ "ವಾಸನೆ ಹೋಯಿತು, ಗಾಳಿ ಸರಿಯಾಯಿತು" ಎಂದು ಅನ್ನಿಸುತ್ತದೆ. 500ರಿಂದ 700 ಪಿಪಿಎಂನಲ್ಲಿ ಐದು ನಿಮಿಷದೊಳಗೆ ತಲೆಸುತ್ತಿ ಬೀಳಬಹುದು. 700ರಿಂದ 1000 ಪಿಪಿಎಂನಲ್ಲಿ ಒಂದೆರಡು ಉಸಿರಿಗೇ ವ್ಯಕ್ತಿ ಕುಸಿಯುತ್ತಾನೆ. ಕೂಗಲೂ ಸಮಯ ಇರುವುದಿಲ್ಲ.

ಇವುಗಳ ಜೊತೆಗೆ ಬೆಂಕಿ ಹತ್ತುವ ಮೀಥೇನ್ ಇರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ 5ರಿಂದ 15ರಷ್ಟಿದ್ದರೆ ಒಂದು ಬೀಡಿಯ ಕಿಡಿ ಸಾಕು, ಸ್ಫೋಟವಾಗುತ್ತದೆ. ಡೀಸೆಲ್ ಪಂಪನ್ನು ಒಳಗೆ ಅಥವಾ ಬಾಯಿಯ ಪಕ್ಕದಲ್ಲೇ ಓಡಿಸಿದರೆ ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಕೂಡ ಸೇರುತ್ತದೆ.

ಮುಚ್ಚಳ ತೆಗೆದಿಟ್ಟರೆ ಸಾಲದೆ?

ಸಾಲದು. ಅನಿಲದ ಬಹುಪಾಲು ಕೆಸರಿನೊಳಗೇ ಸಿಕ್ಕಿಕೊಂಡಿರುತ್ತದೆ. ಸೋಡಾ ಬಾಟಲಿ ಅಲುಗಾಡಿಸಿದ ಹಾಗೆ, ಸಲಿಕೆ ಹಾಕಿ ಕೆಸರು ಕದಡಿದಾಗ ಅದು ಒಮ್ಮೆಲೇ ಹೊರಬರುತ್ತದೆ. ಇಳಿದ ಹತ್ತು ನಿಮಿಷ ಚೆನ್ನಾಗಿಯೇ ಇದ್ದವರು ಹನ್ನೊಂದನೆಯ ನಿಮಿಷಕ್ಕೆ ಬೀಳುವುದು ಇದೇ ಕಾರಣಕ್ಕೆ.

ನಮ್ಮ ಹಳ್ಳಿಗಳಲ್ಲಿ ಹಾಳು ಬಾವಿಗೆ ಇಳಿಯುವ ಮೊದಲು ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುವ ಪದ್ಧತಿ ಇತ್ತು. ಅದನ್ನು ಇಲ್ಲಿ ಪ್ರಯೋಗಿಸಬೇಡಿ. ಆಮ್ಲಜನಕ ಶೇ 16-17ಕ್ಕೆ ಇಳಿಯುವವರೆಗೂ ದೀಪ ಉರಿಯುತ್ತಿರುತ್ತದೆ. ಹೈಡ್ರೋಜನ್ ಸಲ್ಫೈಡ್ ಇದೆಯೋ ಇಲ್ಲವೋ ದೀಪ ಹೇಳುವುದಿಲ್ಲ. ಮೀಥೇನ್ ಇದ್ದರೆ ದೀಪವೇ ಅಪಾಯ.

ಮಾಸ್ಕ್, ಮದ್ಯ, ಮಾತ್ರೆ

ಔಷಧ ಅಂಗಡಿಯಲ್ಲಿ ಸಿಗುವ ಬಟ್ಟೆಯ ಮಾಸ್ಕ್, ಸರ್ಜಿಕಲ್ ಮಾಸ್ಕ್, ಎನ್-95 ಇವು ಧೂಳು ಮತ್ತು ಹನಿಗಳನ್ನು ತಡೆಯುತ್ತವೆ, ಅನಿಲವನ್ನಲ್ಲ. ಫಿಲ್ಟರ್ ಡಬ್ಬಿ ಇರುವ ಮುಖವಾಡವೂ ಆಮ್ಲಜನಕವನ್ನು ಹುಟ್ಟಿಸಲಾರದು. ಒಳಗೆ ನಿಜವಾಗಿ ಕಾಪಾಡುವುದು ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯ ಮೂಲಕ ತರುವ ಅಥವಾ ಬೆನ್ನಿನ ಸಿಲಿಂಡರ್‌ನಿಂದ ಕೊಡುವ ಉಸಿರಾಟದ ಸಾಧನ ಮಾತ್ರ.

ದುರ್ವಾಸನೆ ಸಹಿಸಲು ಕುಡಿದು ಇಳಿಯುವ ರೂಢಿ ಹಲವೆಡೆ ಇದೆ. ಮದ್ಯವು ತಲೆಸುತ್ತು, ಮಂಪರುಗಳಂಥ ಮೊದಲ ಎಚ್ಚರಿಕೆಗಳನ್ನು ಮರೆಮಾಚುತ್ತದೆ, ಹೊರಗೆ ಬರುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಇಳಿಯುವ ಮುನ್ನ ನುಂಗಿ ವಿಷಾನಿಲದಿಂದ ಪಾರಾಗುವ ಮಾತ್ರೆಯಾಗಲಿ, ಕಷಾಯವಾಗಲಿ ಯಾವುದೂ ಇಲ್ಲ. ಆಸ್ಪತ್ರೆಯಲ್ಲೂ ಮುಖ್ಯ ಚಿಕಿತ್ಸೆ ಪೂರ್ಣ ಪ್ರಮಾಣದ ಆಮ್ಲಜನಕ ಮತ್ತು ಉಸಿರಾಟ, ರಕ್ತದೊತ್ತಡಗಳಿಗೆ ಆಧಾರ ಕೊಡುವುದೇ.

ಒಬ್ಬರ ಹಿಂದೆ ಇನ್ನೊಬ್ಬರು

ಇಂಥ ಸುದ್ದಿಗಳಲ್ಲಿ ಸತ್ತವರ ಸಂಖ್ಯೆ ಮೂರು, ನಾಲ್ಕು ಎಂದು ಇರುವುದನ್ನು ಗಮನಿಸಿ. ಒಳಗೆ ಬಿದ್ದವನನ್ನು ಕಂಡು ಜೊತೆಗಾರ ಇಳಿಯುತ್ತಾನೆ, ಅವನನ್ನು ಎತ್ತಲು ಮತ್ತೊಬ್ಬ. ಮುಚ್ಚಿದ ಜಾಗಗಳ ಸಾವುಗಳಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ರಕ್ಷಿಸಲು ಹೋದವರು ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ಮೊದಲ ಸಾವನ್ನು ತಡೆಯಲಾಗದಿದ್ದರೂ ಎರಡನೆಯದನ್ನು ಖಂಡಿತ ತಡೆಯಬಹುದು. ಅದಕ್ಕೆ ಬೇಕಾದದ್ದು ಒಂದೇ ನಿಯಮ: ಉಸಿರಾಟದ ಸಾಧನ ಇಲ್ಲದೆ ಯಾರೂ ಹಿಂದೆ ಇಳಿಯಕೂಡದು. ಬಿದ್ದವನು ಅಣ್ಣನಾಗಿರಲಿ, ಮಗನಾಗಿರಲಿ.

ಗಣಿಯಿಂದ ಕಲಿಯಬೇಕಾದದ್ದು

ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಗಾರರು ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿಯುತ್ತಿದ್ದರು. 2001ರಲ್ಲಿ ಆ ಗಣಿ ಮುಚ್ಚಿತು, ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ. ಗಣಿ ಕೆಲಸ ಸುರಕ್ಷಿತ ಎಂದು ಯಾರೂ ಹೇಳಲಾರರು. ಆದರೆ ಗಣಿ ಸುರಕ್ಷತೆಯ ಕಾನೂನು ಮತ್ತು ಅದರಡಿಯ ನಿಯಮಗಳು ಅಲ್ಲಿ ಕೆಲವು ಸಂಗತಿಗಳನ್ನು ಪಾಳಿಯವರ ಇಷ್ಟಕ್ಕೆ ಬಿಟ್ಟಿಲ್ಲ. ಯಂತ್ರದಿಂದ ಗಾಳಿ ಹಾಯಿಸಬೇಕು, ಗಾಳಿಯನ್ನು ಪರೀಕ್ಷಿಸಬೇಕು, ಯಾರು ಒಳಗಿದ್ದಾರೆ ಎಂಬ ಲೆಕ್ಕ ಮೇಲೆ ಇರಬೇಕು, ರಕ್ಷಣೆಗೆ ತರಬೇತಾದ ತಂಡ ಬೇಕು. ಇವಕ್ಕೆಲ್ಲ ಹೆಸರಿರುವ ಒಬ್ಬ ವ್ಯವಸ್ಥಾಪಕ ಹೊಣೆ. ಸೊಸೈಟಿಯ ಟ್ಯಾಂಕ್‌ಗೆ ಅಂಥ ಹೊಣೆಗಾರನೇ ಇರುವುದಿಲ್ಲ.

2022 ಮತ್ತು 2023ರಲ್ಲಿ ದೇಶದ 17 ಜಿಲ್ಲೆಗಳಲ್ಲಿ ನಡೆದ 54 ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಸಾವುಗಳ ಸಾಮಾಜಿಕ ಲೆಕ್ಕಪರಿಶೋಧನೆಯ ವರದಿಯನ್ನು ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಸಂಸತ್ತಿನ ಮುಂದಿಟ್ಟಿತು. 49 ಪ್ರಕರಣಗಳಲ್ಲಿ ಸತ್ತವರ ಮೈಮೇಲೆ ಯಾವ ಸುರಕ್ಷತಾ ಸಾಧನವೂ ಇರಲಿಲ್ಲ. 38 ಪ್ರಕರಣಗಳಲ್ಲಿ ಅವರನ್ನು ವೈಯಕ್ತಿಕ ಗುತ್ತಿಗೆಯಂತೆ ಕರೆಸಲಾಗಿತ್ತು.

ಕಾನೂನು ಏನು ಹೇಳುತ್ತದೆ?

2013ರ ಕಾಯ್ದೆಯ ಪ್ರಕಾರ ಸುರಕ್ಷತೆಯ ಏರ್ಪಾಡಿಲ್ಲದೆ ಯಾರನ್ನೂ ಒಳಚರಂಡಿಗೆ ಅಥವಾ ಸೆಪ್ಟಿಕ್ ಟ್ಯಾಂಕ್‌ಗೆ ಇಳಿಸುವುದು ಅಪರಾಧ. ಪಾಲಿಕೆಗೆ ಮಾತ್ರವಲ್ಲ, ಕೆಲಸಕ್ಕೆ ಕರೆದ ಯಾವುದೇ ವ್ಯಕ್ತಿಗೂ ಇದು ಅನ್ವಯ. ಮೊದಲ ಬಾರಿಗೆ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ 5 ವರ್ಷ, 5 ಲಕ್ಷದವರೆಗೆ.

ಗೋವಂಡಿ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಮೃತರ ಪತ್ನಿಯರಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. 2023ರ ಅಕ್ಟೋಬರ್ 20ರಂದು ಸುಪ್ರೀಂ ಕೋರ್ಟ್ ಒಳಚರಂಡಿ ಸಾವಿನ ಪರಿಹಾರವನ್ನು 30 ಲಕ್ಷಕ್ಕೆ, ಶಾಶ್ವತ ಅಂಗವೈಕಲ್ಯಕ್ಕೆ 20 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಮುಂಬಯಿ, ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಇಳಿಸಿ ಒಳಚರಂಡಿ ಸ್ವಚ್ಛಗೊಳಿಸುವುದನ್ನು ನಿಲ್ಲಿಸಬೇಕೆಂದು ಆದೇಶಿಸಿತು.

ಕೆಲಸ ಕೊಡುವವರು ಮಾಡಬೇಕಾದದ್ದು

1. ಮನುಷ್ಯ ಇಳಿಯದೆ ಕೆಲಸ ಮುಗಿಸಿ. ಸಕ್ಕಿಂಗ್ ಮತ್ತು ಜೆಟ್ಟಿಂಗ್ ಯಂತ್ರಗಳನ್ನು ತರಿಸಿ. ಸ್ವಚ್ಛತಾ ಸಹಾಯವಾಣಿ: 14420.

2. ಗುತ್ತಿಗೆದಾರನ ಜೊತೆ ಬರಹದಲ್ಲಿ ಒಪ್ಪಂದ ಮಾಡಿ. ಯಂತ್ರವೇ ಬಳಸಬೇಕು, ಯಾರನ್ನೂ ಇಳಿಸಕೂಡದು ಎಂದು ಅದರಲ್ಲಿ ಬರೆಯಿರಿ. ಅಗ್ಗದ ದರಕ್ಕೆ ಒಪ್ಪುವವನು ಏನನ್ನು ಕೈಬಿಡುತ್ತಿದ್ದಾನೆ ಎಂದು ಕೇಳಿ.

3. ವಾಚ್‌ಮನ್, ಪ್ಲಂಬರ್, ಅಡುಗೆಮನೆಯ ಹುಡುಗರು ಇವರನ್ನು "ಸ್ವಲ್ಪ ಇಳಿದು ನೋಡು" ಎಂದು ಎಂದೂ ಕಳಿಸಬೇಡಿ. ಮುಚ್ಚಳಕ್ಕೆ ಬೀಗ ಹಾಕಿಸಿ, "ಒಳಗೆ ವಿಷಾನಿಲ, ಇಳಿಯಬೇಡಿ" ಎಂದು ಕನ್ನಡ, ಮರಾಠಿ, ಹಿಂದಿಯಲ್ಲಿ ಬರೆಸಿ.

4. ದುರಸ್ತಿಗೆ ಇಳಿಯಲೇಬೇಕಾದ ಅಪರೂಪದ ಸಂದರ್ಭದಲ್ಲಿ ತರಬೇತಾದ ತಂಡವೇ ಬರಲಿ. ಒಳಚರಂಡಿಗಾದರೆ ಸ್ಥಳೀಯ ಸಂಸ್ಥೆಯ ಮುಖ್ಯಾಧಿಕಾರಿಯ ಲಿಖಿತ ಅನುಮತಿಯೂ ಬೇಕು. ಬ್ಲೋವರ್‌ನಿಂದ ತಳದವರೆಗೆ ಗಾಳಿ ಹಾಯಿಸಿ, ಗ್ಯಾಸ್ ಡಿಟೆಕ್ಟರ್‌ನಿಂದ ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಅಳೆಯಬೇಕು. ಕೆಲಸ ಮುಗಿಯುವವರೆಗೂ ಅಳೆಯುತ್ತಲೇ ಇರಬೇಕು. ಇಳಿಯುವವರಿಗೆ ಉಸಿರಾಟದ ಸಾಧನ, ಮೈಗೆ ಸೇಫ್ಟಿ ಬೆಲ್ಟ್, ಅದಕ್ಕೆ ಕಟ್ಟಿದ ಹಗ್ಗ, ಮೇಲೆ ಎಳೆಯಲು ಮುಕ್ಕಾಲಿಯ ರಾಟೆ ಇರಬೇಕು. ಬಾಯಿಯ ಬಳಿ ಕಾಯುವವರು ಅಲ್ಲಿಂದ ಕದಲಬಾರದು.

ಇಷ್ಟರಲ್ಲಿ ಒಂದು ಇಲ್ಲದಿದ್ದರೂ ಕೆಲಸ ನಿಲ್ಲಿಸಿ. ಇಳಿಯುವವರಿಗೆ "ಆಗುವುದಿಲ್ಲ" ಎನ್ನುವ ಹಕ್ಕಿದೆ, ಅದಕ್ಕೆ ಅವರ ಕೂಲಿ ಕಡಿಯಬೇಡಿ.

ಯಾರಾದರೂ ಒಳಗೆ ಬಿದ್ದರೆ

• ಇಳಿಯಬೇಡಿ, ಬೇರೆಯವರನ್ನೂ ಇಳಿಯಲು ಬಿಡಬೇಡಿ. ಬೇಕಾದರೆ ಹಿಡಿದು ನಿಲ್ಲಿಸಿ.

• ಅಗ್ನಿಶಾಮಕ ದಳ 101, ಆಂಬುಲೆನ್ಸ್ 108, ಅಥವಾ 112ಕ್ಕೆ ಕರೆ ಮಾಡಿ. "ಟ್ಯಾಂಕ್ ಒಳಗೆ ಗ್ಯಾಸ್, ಜನ ಬಿದ್ದಿದ್ದಾರೆ" ಎಂದೇ ಹೇಳಿ, ಅವರು ಸಿಲಿಂಡರ್ ಸಹಿತ ಬರಲಿ.

• ಬೆಲ್ಟಿಗೆ ಹಗ್ಗ ಕಟ್ಟಿದ್ದರೆ ಮೇಲಿನಿಂದಲೇ ಎಳೆಯಿರಿ. ಬ್ಲೋವರ್ ಇದ್ದರೆ ಗಾಳಿ ಹಾಯಿಸುತ್ತಲೇ ಇರಿ. ಬೀಡಿ, ಬೆಂಕಿಕಡ್ಡಿ ದೂರವಿಡಿ.

• ಹೊರಗೆ ತಂದ ಕೂಡಲೇ ತೆರೆದ ಗಾಳಿಗೆ ಒಯ್ದು, ಕೊಳಚೆ ಮೆತ್ತಿದ ಬಟ್ಟೆ ತೆಗೆಯಿರಿ. ಉಸಿರಾಟ ಇಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತಿ. ಬಾಯಿಗೆ ಬಾಯಿಯಿಟ್ಟು ಊದಬೇಡಿ, ಅನಿಲ ನಿಮಗೂ ತಾಗಬಹುದು. ನೀರು, ಹಾಲು, ಮದ್ಯ ಏನನ್ನೂ ಕುಡಿಸಬೇಡಿ.

• ಎಚ್ಚರವಾಗಿ ಮಾತನಾಡುತ್ತಿದ್ದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಶ್ವಾಸಕೋಶದಲ್ಲಿ ನೀರು ತುಂಬುವ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು. ಯಾವ ಟ್ಯಾಂಕ್, ಎಷ್ಟು ಹೊತ್ತು ಒಳಗಿದ್ದರು ಎಂಬುದನ್ನು ವೈದ್ಯರಿಗೆ ತಿಳಿಸಿ.

ನಿಮ್ಮ ಸೊಸೈಟಿಯ ಮುಂದಿನ ಸಭೆಯಲ್ಲಿ ಟ್ಯಾಂಕ್ ಸ್ವಚ್ಛತೆಯ ಖರ್ಚಿನ ವಿಷಯ ಬಂದಾಗ ಎರಡು ಪ್ರಶ್ನೆ ಕೇಳಿ: ಯಂತ್ರ ಬರುತ್ತದೆಯೋ, ಮನುಷ್ಯ ಇಳಿಯುತ್ತಾನೋ? ಆ ದಿನ ಬಾಯಿಯ ಬಳಿ ನಿಲ್ಲುವವರು ಯಾರು? ಎರಡಕ್ಕೂ ಸ್ಪಷ್ಟ ಉತ್ತರ ಸಿಗುವವರೆಗೆ ಮುಚ್ಚಳ ತೆಗೆಸಬೇಡಿ.