ದಿನ ತುಂಬದೆ ಹುಟ್ಟಿದ ಮಗು: ಮೆದುಳಿನ ಪರೀಕ್ಷೆಗಳು ಏನು ಹೇಳುತ್ತವೆ?

ಗರ್ಭಧಾರಣೆಯ 37 ವಾರ ತುಂಬುವ ಮೊದಲು ಹುಟ್ಟುವ ಮಕ್ಕಳನ್ನು ಅವಧಿಪೂರ್ವ ಶಿಶುಗಳು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನಾದ್ಯಂತ ಇಂತಹ ಸುಮಾರು 1.34 ಕೋಟಿ ಮಕ್ಕಳು ಹುಟ್ಟಿದ್ದಾರೆ. ಮಗುವಿನ ಜೀವ ಉಳಿಯಿತು ಎಂದಾದ ಮೇಲೆ ಮನೆಯವರು ಕೇಳುವುದು ಒಂದೇ: "ಡಾಕ್ಟ್ರೇ, ಮುಂದೆ ಎಲ್ಲಾ ಮಕ್ಕಳ ಹಾಗೆ ನಡೆದು, ಮಾತಾಡ್ತದಾ?"

ಇದಕ್ಕೆ ಉತ್ತರ ಹುಡುಕಲು ವೈದ್ಯರ ಬಳಿ ಕೆಲವು ದಾರಿಗಳಿವೆ.

ಎಇಇಜಿ: ತಲೆಗೆ ಕೆಲವೇ ಎಲೆಕ್ಟ್ರೋಡ್ ಅಂಟಿಸಿ ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಿನಗಟ್ಟಲೆ ದಾಖಲಿಸುವ ವಿಧಾನ. ತೀರಾ ಬೇಗ ಹುಟ್ಟಿದ ಮಗುವಿನಲ್ಲಿ ಈ ಅಲೆಗಳು ಬಿಟ್ಟು ಬಿಟ್ಟು ಬರುವುದು ಸಹಜ. ವಾರಗಳು ಕಳೆದಂತೆ ಅವು ಎಡೆಬಿಡದೆ ಬರತೊಡಗಿ, ನಿದ್ದೆ-ಎಚ್ಚರದ ಚಕ್ರ ಕಾಣಿಸಿದರೆ ಒಳ್ಳೆಯ ಸೂಚನೆ. ಅಲೆಗಳು ತೀರಾ ಕ್ಷೀಣವಾಗಿಯೇ ಉಳಿದರೆ, ಅಪಸ್ಮಾರ ಕಂಡುಬಂದರೆ ಎಚ್ಚರ ಬೇಕು. ಆದರೆ ನಿದ್ದೆ ಬರಿಸುವ ಔಷಧಿಯಿಂದಲೂ ಅಲೆಗಳು ತಗ್ಗುತ್ತವೆ.

ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ: ಎಳೆ ಮಗುವಿನ ನೆತ್ತಿಯ ಮೂಳೆ ಕೂಡಿರುವುದಿಲ್ಲ. ಆ ಮೆತ್ತನೆಯ ಜಾಗದ ಮೂಲಕವೇ ಅಲ್ಟ್ರಾಸೌಂಡ್ ಮಾಡಿ ರಕ್ತಸ್ರಾವವನ್ನು 1ರಿಂದ 4ರವರೆಗಿನ ಹಂತಗಳಲ್ಲಿ ಗುರುತಿಸುತ್ತಾರೆ. 3 ಮತ್ತು 4ನೇ ಹಂತದಲ್ಲಿ ಅಪಾಯ ಹೆಚ್ಚು. ಕೆಲವು ಮಕ್ಕಳಿಗೆ ದಿನ ತುಂಬುವ ಹೊತ್ತಿಗೆ ಎಂಆರ್‌ಐ ಕೂಡ ಮಾಡುತ್ತಾರೆ.

ಚಲನೆಯ ಪರೀಕ್ಷೆ: ಇದಕ್ಕೆ ದುಬಾರಿ ಯಂತ್ರ ಬೇಡ. ಹೆರಿಗೆಗೆ ಗೊತ್ತಾಗಿದ್ದ ದಿನದಿಂದ ಸುಮಾರು ಮೂರು ತಿಂಗಳಾದಾಗ ಮಗು ಮಲಗಿದಲ್ಲೇ ಕೈಕಾಲು, ಕತ್ತು ಆಡಿಸುವುದನ್ನು ವಿಡಿಯೋ ಮಾಡಿ, ತರಬೇತಿ ಪಡೆದವರು ನೋಡುತ್ತಾರೆ. ಆ ವಯಸ್ಸಿನಲ್ಲಿ ಕಾಣಬೇಕಾದ ಸಣ್ಣ ಸಣ್ಣ ಚಲನೆಗಳು ಇಲ್ಲದಿದ್ದರೆ ಸೆರೆಬ್ರಲ್ ಪಾಲ್ಸಿಯ ಸಾಧ್ಯತೆ ಹೆಚ್ಚು.

ಇವೆಲ್ಲ ಅಪಾಯದ ಅಂದಾಜು ಮಾತ್ರ, ಮಗುವಿನ ಹಣೆಬರಹ ಅಲ್ಲ. ನಡಿಗೆಯ ತೊಂದರೆಯನ್ನು ಊಹಿಸಿದಷ್ಟು ಚೆನ್ನಾಗಿ ಮಾತು, ಕಲಿಕೆಯ ತೊಂದರೆಯನ್ನು ಊಹಿಸಲಾಗದು. ವರದಿ ನಾರ್ಮಲ್ ಬಂದ ಕೆಲವು ಮಕ್ಕಳಿಗೂ ಮುಂದೆ ಸಹಾಯ ಬೇಕಾಗಬಹುದು. ವರದಿಯಲ್ಲಿ ದೋಷ ಕಂಡ ಎಷ್ಟೋ ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ.

ಹಾಗಾಗಿ ಡಿಸ್ಚಾರ್ಜ್ ಆಯಿತೆಂದು ತಪಾಸಣೆ ನಿಲ್ಲಿಸಬಾರದು. ಕಣ್ಣು, ಕಿವಿಯ ಪರೀಕ್ಷೆಯನ್ನೂ ತಪ್ಪಿಸಬಾರದು. ಬೆಳವಣಿಗೆ ಅಳೆಯುವಾಗ ಎಷ್ಟು ಬೇಗ ಹುಟ್ಟಿತೋ ಅಷ್ಟು ಕಳೆಯಬೇಕು: ಎರಡು ತಿಂಗಳು ಮೊದಲೇ ಹುಟ್ಟಿದ ಮಗುವಿಗೆ ಆರು ತಿಂಗಳಾದರೆ ಲೆಕ್ಕಕ್ಕೆ ನಾಲ್ಕೇ ತಿಂಗಳು. ಸಂಶಯ ಬಂದರೆ "ಸ್ವಲ್ಪ ದೊಡ್ಡದಾಗಲಿ, ನೋಡುವ" ಎಂದು ಕಾಯುವುದು ಬೇಡ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಚಿಕಿತ್ಸಾ ಕೇಂದ್ರಗಳಿವೆ. ಎಳೆಯ ಮೆದುಳು ಬೇಗ ಕಲಿಯುತ್ತದೆ. ಫಿಸಿಯೋಥೆರಪಿ, ಮಾತಿನ ತರಬೇತಿ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು.