ರಿವಾಲ್ವರ್ ಮತ್ತು ಪಿಸ್ತೂಲು: ಹಳೆಯ ಹಾಗೂ ಹೊಸ ವಿನ್ಯಾಸಗಳ ವಿಶ್ವಾಸಾರ್ಹತೆ

ಆಯುಧ ಪರವಾನಗಿ ಕೋರುವ ಅರ್ಜಿದಾರರಲ್ಲಿ ಅನೇಕರು, ಹಳೆಯ ಮಾದರಿಯ ರಿವಾಲ್ವರ್ ಎಂದಿಗೂ ಕೈಕೊಡದೆಂದು ಭಾವಿಸಿರುತ್ತಾರೆ. ಇದು ಭಾಗಶಃ ಮಾತ್ರ ನಿಜ.

ರಿವಾಲ್ವರಿನಲ್ಲಿ ಒಂದು ತೋಟೆ ಸಿಡಿಯದಿದ್ದರೆ, ಟ್ರಿಗರನ್ನು ಮತ್ತೊಮ್ಮೆ ಎಳೆದಾಗ ಸಿಲಿಂಡರ್ ತಿರುಗಿ ಮುಂದಿನ ತೋಟೆ ಬರುತ್ತದೆ. ಪಿಸ್ತೂಲಿನಲ್ಲಾದರೆ ಕೆಟ್ಟ ತೋಟೆಯನ್ನು ಸ್ಲೈಡ್ ಎಳೆದು ಹೊರಹಾಕಬೇಕಾಗುತ್ತದೆ. ಆದರೆ ಪಿಸ್ತೂಲಿನ ಅಡಚಣೆಗಳಲ್ಲಿ ಹಲವು ಮ್ಯಾಗಜೀನಿನ ಬಾಗಿದ ಅಂಚು ಅಥವಾ ಸಡಿಲ ಸ್ಪ್ರಿಂಗಿನಿಂದ ಉಂಟಾಗತಕ್ಕವು. ಮ್ಯಾಗಜೀನ್ ಬದಲಿಸಿದರೆ ಪರಿಹಾರವಾಗುತ್ತವೆ. ರಿವಾಲ್ವರಿನ ಸಿಲಿಂಡರ್ ಸವೆದು ನಳಿಕೆಗೆ ನೇರವಾಗಿ ನಿಲ್ಲದಿದ್ದಲ್ಲಿ ನುರಿತ ಕೆಲಸಗಾರರೇ ಬೇಕು.

ವಿನ್ಯಾಸ ಹಳೆಯದೆಂಬ ಮಾತ್ರಕ್ಕೆ ದುರ್ಬಲವೆನ್ನಲಾಗದು. ಜಾನ್ ಬ್ರೌನಿಂಗ್ ರೂಪಿಸಿದ ಪಿಸ್ತೂಲು 1911ರಲ್ಲಿ ಅಮೆರಿಕದ ಸೇನಾ ಪರೀಕ್ಷೆಯಲ್ಲಿ 6,000 ಗುಂಡುಗಳನ್ನು ಅಡಚಣೆಯಿಲ್ಲದೆ ಹಾರಿಸಿತು. ನೋಡಬೇಕಾದುದು ಆಯುಧದ ಸವೆತವನ್ನು. ವಾರಸಾಗಿ ಬಂದ ವೆಬ್ಲಿ ರಿವಾಲ್ವರಿನಲ್ಲಿ ಚೌಕಟ್ಟಿನ ಚಿಲಕ ಬಿಗಿಯಾಗಿರುವುದನ್ನು ಮೊದಲು ಪರೀಕ್ಷಿಸತಕ್ಕದ್ದು. ಕೆಲವು ಹಳೆಯ ರಿವಾಲ್ವರುಗಳಲ್ಲಿ, ಕೈಜಾರಿ ಬಿದ್ದಾಗ ಗುಂಡು ಸಿಡಿಯದಂತೆ ತಡೆಯುವ ಭಾಗವೇ ಇರುವುದಿಲ್ಲ. ನಿತ್ಯ ಒಯ್ಯುವವರಿಗೆ ಈ ಕೊರತೆಯು ಸಿಡಿಯದ ತೋಟೆಗಿಂತ ಅಪಾಯಕಾರಿ.

9 ಮಿ.ಮೀ. ಪಿಸ್ತೂಲುಗಳು ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರಿನವಾದ್ದರಿಂದ, ಅರ್ಜಿದಾರರ ಆಯ್ಕೆಯು ಬಹುಮಟ್ಟಿಗೆ .32 ಬೋರಿನ ರಿವಾಲ್ವರ್ ಮತ್ತು ಪಿಸ್ತೂಲುಗಳ ನಡುವೆಯೇ ಇರುತ್ತದೆ. ನಿಯಮಿತ ಅಭ್ಯಾಸಕ್ಕೆ ಅವಕಾಶವಿಲ್ಲದವರಿಗೆ ಸುಸ್ಥಿತಿಯ ರಿವಾಲ್ವರ್ ಹೆಚ್ಚು ಸೂಕ್ತ.

ಆಯುಧ ಅಧಿನಿಯಮ, 1959ರ ಮೇರೆಗೆ ದುರಸ್ತಿಯನ್ನು ಪರವಾನಗಿ ಹೊಂದಿದವರಿಂದಲೇ ಮಾಡಿಸತಕ್ಕದ್ದು. ಅಭ್ಯಾಸದ ವೇಳೆ ತೋಟೆ ಸಿಡಿಯದಿದ್ದಲ್ಲಿ ಟ್ರಿಗರಿನಿಂದ ಬೆರಳು ತೆಗೆದು, ನಳಿಕೆಯನ್ನು ಸುರಕ್ಷಿತ ದಿಕ್ಕಿನಲ್ಲಿಯೇ ಹಿಡಿದು, ಕನಿಷ್ಠ 30 ಸೆಕೆಂಡು ಕಾದ ನಂತರವೇ ಅದನ್ನು ಹೊರತೆಗೆಯತಕ್ಕದ್ದು.