ಲಬ್-ಡಬ್: ಬಾಗಿಲು ಮುಚ್ಚುವ ಸದ್ದು

ವೈದ್ಯರು ಎದೆಗೆ ಸ್ಟೆತಾಸ್ಕೋಪ್ ಇಟ್ಟಾಗ ಕೇಳಿಸುವ ‘ಲಬ್-ಡಬ್’ ಯಾವುದರ ಸದ್ದು? ಈ ಸರಳ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲು ಎರಡು ಶತಮಾನಗಳೇ ಹಿಡಿದವು.

ರಕ್ತ ಪರಿಚಲನೆಯನ್ನು ವಿವರಿಸಿದ ಇಂಗ್ಲೆಂಡಿನ ವಿಲಿಯಂ ಹಾರ್ವೆ, 1628ರ ತನ್ನ ಗ್ರಂಥದಲ್ಲಿ ಹೃದಯದ ಬಡಿತ ಎದೆಯಲ್ಲಿ ಕೇಳಿಸುತ್ತದೆ ಎಂದು ಬರೆದ. ವೆನಿಸ್ಸಿನ ವೈದ್ಯ ಪಾರಿಸಾನೊ, ನಮ್ಮೂರಿನಲ್ಲಿ ಯಾರಿಗೂ ಕೇಳಿಸುತ್ತಿಲ್ಲವಲ್ಲ ಎಂದು ಲೇವಡಿ ಮಾಡಿದ. ಎದೆಗೆ ಕಿವಿಯಿಟ್ಟಿದ್ದರೆ ಸಾಕಿತ್ತು!

1816ರಲ್ಲಿ ಪ್ಯಾರಿಸ್ಸಿನ ರೆನೆ ಲೆನೆಕ್ ಬಳಿಗೆ ಹೃದ್ರೋಗದ ಲಕ್ಷಣಗಳಿದ್ದ ಯುವತಿಯೊಬ್ಬಳು ಬಂದಳು. ಆಕೆಯ ಎದೆಗೆ ಕಿವಿಯಿಡಲು ಸಂಕೋಚಪಟ್ಟ ಲೆನೆಕ್ ಕಾಗದದ ಹಾಳೆಗಳನ್ನು ಸುರುಳಿ ಸುತ್ತಿ, ಒಂದು ತುದಿ ಆಕೆಯ ಎದೆಗೂ ಇನ್ನೊಂದು ತನ್ನ ಕಿವಿಗೂ ಇಟ್ಟುಕೊಂಡ. ಸದ್ದು ಹಿಂದೆಂದಿಗಿಂತ ಸ್ಪಷ್ಟವಾಗಿತ್ತು. ಅದೇ ಮುಂದೆ ಮರದ ಸ್ಟೆತಾಸ್ಕೋಪ್ ಆಯಿತು. ಆದರೆ ಕೇಳಿದ್ದನ್ನು ಅರ್ಥೈಸುವಲ್ಲಿ ಆತ ಎಡವಿದ. ಮೊದಲ ಸದ್ದು ಕೆಳಗಿನ ಹೃತ್ಕುಕ್ಷಿಗಳು ಸಂಕುಚಿಸುವುದರಿಂದ, ಎರಡನೆಯದು ಮೇಲಿನ ಹೃತ್ಕರ್ಣಗಳು ಸಂಕುಚಿಸುವುದರಿಂದ ಎಂಬುದು ಆತನ ನಂಬಿಕೆ. 1826ರಲ್ಲಿ ಲೆನೆಕ್ ಕ್ಷಯದಿಂದ ತೀರಿಕೊಂಡ.

1832ರಲ್ಲಿ ಪ್ಯಾರಿಸ್ಸಿನಲ್ಲೇ ರುವಾನೆ ಎಂಬಾತ, ಇವು ಕವಾಟಗಳು ಮುಚ್ಚುವ ಸದ್ದುಗಳೆಂದು ಪ್ರಬಂಧ ಮಂಡಿಸಿದ. ಅದೇ ದಶಕದಲ್ಲಿ ಇಂಗ್ಲೆಂಡಿನ ಹೋಪ್ ಮತ್ತು ವಿಲಿಯಮ್ಸ್ ಕತ್ತೆಗಳ ಮೇಲೆ ಪ್ರಯೋಗ ನಡೆಸಿದರು. ಮಹಾಪಧಮನಿ, ಪುಪ್ಫುಸ ಅಪಧಮನಿಗಳ ಕವಾಟಗಳು ಮುಚ್ಚದಂತೆ ಕೊಕ್ಕೆಯಿಂದ ಹಿಡಿದಾಗ ‘ಡಬ್’ ನಿಂತುಹೋಯಿತು. ಪಾಪ, ಕತ್ತೆಗಳು!

ಕವಾಟಗಳು ನಾಲ್ಕು. ಅವನ್ನು ತೆರೆಯುವುದೂ ಮುಚ್ಚುವುದೂ ರಕ್ತದ ಒತ್ತಡವೇ. ಹೃತ್ಕುಕ್ಷಿಗಳು ಸಂಕುಚಿಸಿದಾಗ ರಕ್ತ ಹಿಂದಕ್ಕೆ ಹೋಗದಂತೆ ದ್ವಿದಳ, ತ್ರಿದಳ ಕವಾಟಗಳು ಮುಚ್ಚುತ್ತವೆ. ರಕ್ತ, ಪೊರೆ, ಗೋಡೆ ಎಲ್ಲವೂ ಕಂಪಿಸಿ ‘ಲಬ್’ ಹುಟ್ಟುತ್ತದೆ. ಹೃತ್ಕುಕ್ಷಿಗಳು ಸಡಿಲಗೊಂಡಾಗ ಎರಡು ಅಪಧಮನಿಗಳ ಬಾಯಲ್ಲಿರುವ ಕವಾಟಗಳು ಮುಚ್ಚಿ ‘ಡಬ್’. ಆರೋಗ್ಯವಂತ ಕವಾಟ ತೆರೆಯುವಾಗ ಸದ್ದೇ ಕೇಳಿಸದು.

ಇದು ಬರಿಯ ಪಂಡಿತರ ಜಗಳವಲ್ಲ. ಬಾಲ್ಯದ ಗಂಟಲುಬೇನೆಯ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಕೆಲವರಲ್ಲಿ ದ್ವಿದಳ ಕವಾಟವನ್ನು ಗಡುಸಾಗಿಸಿ ಕಿರಿದುಗೊಳಿಸುತ್ತದೆ. ಆಗ ‘ಡಬ್’ ಆದ ಮೇಲೆ, ಹೃತ್ಕುಕ್ಷಿ ತುಂಬುವ ಹೊತ್ತಿನಲ್ಲಿ, ಮಂದವಾದ ಗುಡುಗಿನಂಥ ಮರ್ಮರ ಕೇಳಿಸುತ್ತದೆ. ಅದೇ ಕವಾಟ ಸರಿಯಾಗಿ ಮುಚ್ಚದಿದ್ದರೆ ಮರ್ಮರ ಲಬ್-ಡಬ್‌ಗಳ ನಡುವೆ. ‘ಡಬ್’ ಯಾವ ಬಾಗಿಲಿನದೆಂದು ತಿಳಿದ ಮೇಲಷ್ಟೇ, ಕೆಟ್ಟ ಬಾಗಿಲು ಯಾವುದೆಂದು ವೈದ್ಯರು ಎದೆ ಕೊಯ್ಯದೆ ಹೇಳುವಂತಾಯಿತು.